ಮಾವಿನ ಊಜಿಗೆ ಮೋಹಕ ಬಲೆ: ಯಾವಾಗ, ಹೇಗೆ ಕಟ್ಟಬೇಕು, ಕಟ್ಟಿದ ಮೇಲೆ ಏನು ಮಾಡಬೇಕು

ಮರದಡಿ ಬಿದ್ದಿರುವ ಒಂದು ಬಾದಾಮಿ ಮಾವನ್ನು ಕೈಗೆತ್ತಿಕೊಳ್ಳಿ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ತಿರುಗಿಸಿ ನೋಡಿದರೆ ಎಲ್ಲೋ ಒಂದು ಕಡೆ ಸೂಜಿ ಚುಚ್ಚಿದಷ್ಟು ಕಪ್ಪು ಚುಕ್ಕೆ, ಅದರ ಸುತ್ತ ಸ್ವಲ್ಪ ಮೆತ್ತಗೆ. ಹೆಬ್ಬೆರಳಲ್ಲಿ ಒತ್ತಿದರೆ ಅಲ್ಲಿಂದಲೇ ರಸ ಒಸರುತ್ತದೆ. ಕೊಯ್ದರೆ ತಿರುಳು ಕಂದಿ ನೀರಾಗಿರುತ್ತದೆ, ಅದರೊಳಗೆ ಅಕ್ಕಿ ಕಾಳಿನಂಥ ಬಿಳಿ ಹುಳುಗಳು. ಒಂದನ್ನು ಅಂಗೈ ಮೇಲೆ ಇಟ್ಟುಕೊಂಡರೆ ಬಿಲ್ಲಿನ ಹಾಗೆ ಬಾಗಿ ಟಕ್ ಅಂತ ಎಗರುತ್ತದೆ. ಎಗರಿತು ಅಂದರೆ ಅನುಮಾನವೇ ಬೇಡ, ಅದು ಹಣ್ಣು ನೊಣದ ಮರಿ.

ಶ್ರೀನಿವಾಸಪುರ, ಚಿಂತಾಮಣಿ ಕಡೆ ನಾವು ಇದನ್ನು ಊಜಿ ಅಂತಲೇ ಕರೆಯುತ್ತೇವೆ. ರೇಷ್ಮೆ ಹುಳುವಿಗೆ ಬರುವ ಊಜಿ ಬೇರೆ, ಇದು ಬೇರೆ. ಹೆಸರು ಮಾತ್ರ ಒಂದೇ. ರೇಷ್ಮೆ ಊಜಿಗೆ ತಂದ ಮದ್ದನ್ನು ಮಾವಿಗೆ ಹಾಕಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಈ ಹುಳು ಹಣ್ಣಿನ ಒಳಗೆ ಸೇರಿದ ಮೇಲೆ ಯಾವ ಔಷಧಿ ಹೊಡೆದರೂ ಅದಕ್ಕೆ ತಾಕುವುದಿಲ್ಲ. ತಾಕಿದರೂ ಆ ಹಣ್ಣು ಯಾರೂ ತಿನ್ನುವ ಹಾಗಿರುವುದಿಲ್ಲ. ಹಾಗಾಗಿ ನೊಣವನ್ನು ಮೊಟ್ಟೆ ಇಡುವ ಮೊದಲೇ ತಡೆಯಬೇಕು. ಅದಕ್ಕೆ ಇರುವ ಅಗ್ಗದ, ಹಣ್ಣಿಗೆ ವಿಷ ಸೋಕದ ದಾರಿ ಮೋಹಕ ಬಲೆ, ಅಂದರೆ ವಾಸನೆಯಿಂದ ನೊಣವನ್ನು ಒಳಕ್ಕೆ ಸೆಳೆದು ಸಾಯಿಸುವ ಬಾಟಲಿ. ಆದರೆ ಇದನ್ನು ತಪ್ಪಾಗಿ ಕಟ್ಟಿ, ತಡವಾಗಿ ಕಟ್ಟಿ, ಕೊನೆಗೆ 'ಬಲೆ ಕೆಲಸ ಮಾಡಲ್ಲ ಬಿಡಿ' ಅಂತ ಹೇಳುವವರೇ ಜಾಸ್ತಿ. ನನ್ನ ಮೊದಲ ವರ್ಷವೂ ಹಾಗೇ ಆಯಿತು. ತೋತಾಪುರಿ ಕೊಯ್ಲಿಗೆ ಹದಿನೈದು ದಿನ ಇರುವಾಗ ಬಲೆ ಕಟ್ಟಿದೆ. ವಾರದಲ್ಲಿ ಬಾಟಲಿಗಳು ಅರ್ಧ ತುಂಬಿದವು. ಇನ್ನೇನು ಗೆದ್ದೆ ಅಂದುಕೊಂಡೆ. ಮಂಡಿಗೆ ಹೋದ ಹಣ್ಣಿನಲ್ಲಿ ಮಾತ್ರ ಹುಳು ಹಾಗೇ ಇತ್ತು. ಬಾಟಲಿ ತುಂಬಿತು ಅಂದರೆ ಹಣ್ಣು ಉಳಿಯಿತು ಅಂತ ಅರ್ಥವಲ್ಲ ಅನ್ನುವುದು ಆವತ್ತು ಗೊತ್ತಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ವಾಸನೆಗೆ ಯಾಕೆ ಬರುತ್ತದೆ

ಬಲೆಯಲ್ಲಿ ಇಡುವ ವಸ್ತುವಿನ ಹೆಸರು ಮಿಥೈಲ್ ಯೂಜಿನಾಲ್. ತುಳಸಿಯಲ್ಲೂ ಇದು ಇದೆ. ತುಳಸಿ ಎಲೆ ಜಜ್ಜಿ ತೋಟದಲ್ಲಿ ಇಟ್ಟು ಸ್ವಲ್ಪ ಹೊತ್ತು ಕಾದರೆ ಒಂದೆರಡು ನೊಣ ಬಂದು ಅದನ್ನು ನೆಕ್ಕುತ್ತಾ ಕೂರುವುದನ್ನು ನೀವೇ ನೋಡಬಹುದು. ಈ ವಿಷಯ ಜಗತ್ತಿಗೆ ಗೊತ್ತಾದದ್ದು ನಮ್ಮ ದೇಶದಲ್ಲೇ. ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಎಂಬ ಕೀಟ ವಿಜ್ಞಾನಿ, ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣು ನೊಣ ಮುತ್ತುವುದನ್ನು ಗಮನಿಸಿ 1912ರಲ್ಲಿ ಬರೆದರು. ಆ ಎಣ್ಣೆಯಲ್ಲಿ ನೊಣವನ್ನು ಸೆಳೆಯುವುದು ಮಿಥೈಲ್ ಯೂಜಿನಾಲ್ ಅಂತ 1915ರಲ್ಲಿ ತೋರಿಸಿದರು.

ಈಗ ಮುಖ್ಯವಾದ ಮಾತು. ಈ ವಾಸನೆಗೆ ಬರುವುದು ಗಂಡು ನೊಣ ಮಾತ್ರ. ಹಣ್ಣಿಗೆ ಚುಚ್ಚಿ ಮೊಟ್ಟೆ ಇಡುವುದು ಹೆಣ್ಣು, ಅದು ಬಲೆಯ ಕಡೆ ತಲೆಯನ್ನೂ ಹಾಕುವುದಿಲ್ಲ. ಹಾಗಾದರೆ ಗಂಡು ಹಿಡಿದು ಏನು ಪ್ರಯೋಜನ? ಗಂಡೇ ಇಲ್ಲದಿದ್ದರೆ ಹೆಣ್ಣು ಇಡುವ ಮೊಟ್ಟೆ ಒಡೆಯುವುದಿಲ್ಲ, ಹುಳು ಆಗುವುದಿಲ್ಲ. ಆದರೆ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ. ನೂರರಲ್ಲಿ ಐವತ್ತು ಗಂಡು ಹಿಡಿದರೆ ಉಳಿದ ಐವತ್ತು ಸಾಕು, ಕೆಲಸ ಎಂದಿನಂತೆ ನಡೆಯುತ್ತದೆ. ಹೆಚ್ಚುಕಮ್ಮಿ ಎಲ್ಲವನ್ನೂ ಹಿಡಿಯಬೇಕು, ಅದೂ ಕೂಡುವ ಮೊದಲು. ಹಣ್ಣು ಬಲಿಯುವ ಹೊತ್ತಿಗೆ ತೋಟದಲ್ಲಿರುವ ಹೆಣ್ಣುಗಳೆಲ್ಲ ಆಗಲೇ ಬಸುರಾಗಿರುತ್ತವೆ. ಆಮೇಲೆ ಬಾಟಲಿ ಎಷ್ಟು ತುಂಬಿದರೂ ಅವು ಮೊಟ್ಟೆ ಇಡುವುದನ್ನು ತಡೆಯಲಾಗುವುದಿಲ್ಲ. ತೋತಾಪುರಿಯ ವರ್ಷ ನನಗೆ ಆಗಿದ್ದು ಇದೇ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಮಿಥೈಲ್ ಯೂಜಿನಾಲ್ ತಿಂದ ಗಂಡು ಅದನ್ನು ತನ್ನ ಮೈಯಲ್ಲಿ ಹೆಣ್ಣನ್ನು ಸೆಳೆಯುವ ವಾಸನೆಯಾಗಿ ಮಾಡಿಕೊಳ್ಳುತ್ತದೆ. ತಿನ್ನದ ಗಂಡಿಗಿಂತ ತಿಂದ ಗಂಡಿಗೆ ಹೆಣ್ಣು ಬೇಗ ಸಿಗುತ್ತದೆ. ಒಮ್ಮೆ ಹೊಟ್ಟೆ ತುಂಬ ತಿಂದದ್ದು ಮತ್ತೆ ಬಲೆಗೆ ಬರುವುದೂ ಕಡಿಮೆ. ಅಂದರೆ ಬಲೆಗೆ ಬಂದ ನೊಣ ನೆಕ್ಕಿಕೊಂಡು ತಪ್ಪಿಸಿಕೊಂಡು ಹೋದರೆ ನಾವೇ ಅದಕ್ಕೆ ಟಾನಿಕ್ ಕೊಟ್ಟು ಕಳಿಸಿದಂತೆ. ಬಾಟಲಿಯ ತೂತು, ಒಳಗಿನ ವಿಷ, ಇವುಗಳ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಮೊದಲು ಲೂರ್ ತನ್ನಿ

ಲೂರ್ ಅಂದರೆ ನೊಣವನ್ನು ಸೆಳೆಯುವ ವಸ್ತು ಮತ್ತು ವಿಷ ನೆನೆಸಿದ ಮರದ ತುಂಡು. ಅಂಗಡಿಯಲ್ಲಿ 'ಹಣ್ಣು ನೊಣದ ಲೂರ್' ಅಂತ ಕೇಳಿದರೆ ಎರಡು ಬಗೆಯದು ಸಿಗುತ್ತದೆ. ಮಾವು, ಸೀಬೆ, ಸಪೋಟಕ್ಕೆ ಮಿಥೈಲ್ ಯೂಜಿನಾಲ್. ಹಾಗಲ, ಹೀರೆ, ಸೌತೆ, ಕಲ್ಲಂಗಡಿಯಂಥ ಬಳ್ಳಿಗಳಿಗೆ ಕ್ಯೂ ಲೂರ್. ಬಳ್ಳಿಯ ನೊಣವೇ ಬೇರೆ ಜಾತಿ. ಒಂದರ ಬದಲು ಇನ್ನೊಂದು ತಂದರೆ ಬಾಟಲಿ ಖಾಲಿಯೇ ಇರುತ್ತದೆ. ಎರಡನ್ನೂ ಒಂದೇ ಬಾಟಲಿಯಲ್ಲಿ ಇಡುವುದೂ ಬೇಡ. ಪೊಟ್ಟಣದ ಮೇಲೆ ಹೆಸರು ಓದಿ, ತಯಾರಾದ ತಿಂಗಳು ನೋಡಿ, ಪೊಟ್ಟಣ ಒಡೆದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ವಾಸನೆ ಹಾರಿಹೋದ ಲೂರ್ ಬರೀ ಮರದ ತುಂಡು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಬಲೆಯ ಬಗ್ಗೆ ಬಹಳ ವರ್ಷ ಕೆಲಸ ಮಾಡಿದೆ. ಎಕರೆಗೆ 6 ಬಲೆ ಅಂತ ಲೆಕ್ಕ ಇಟ್ಟುಕೊಳ್ಳಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಲೂರ್ ಬಂದಿದೆಯಾ ಅಂತ ಜನವರಿಯಲ್ಲೇ ಕೇಳಿ ಇಟ್ಟುಕೊಳ್ಳಿ. ಸೀಸನ್ ಶುರುವಾದ ಮೇಲೆ ಹೋದರೆ ಸ್ಟಾಕ್ ಮುಗಿದಿರುತ್ತದೆ.

ಮನೆಯಲ್ಲೇ ತಯಾರಿಸುವವರೂ ಇದ್ದಾರೆ. 5 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ, 1 ಸೆಂಟಿಮೀಟರ್ ದಪ್ಪದ ಪ್ಲೈವುಡ್ ತುಂಡುಗಳನ್ನು ಆಲ್ಕೊಹಾಲ್, ಮಿಥೈಲ್ ಯೂಜಿನಾಲ್, ಮೆಲಾಥಿಯಾನ್ ಮೂರನ್ನೂ 6:4:1ರ ಅಳತೆಯಲ್ಲಿ ಬೆರೆಸಿದ ದ್ರಾವಣದಲ್ಲಿ ಒಂದೆರಡು ದಿನ ನೆನೆಸುತ್ತಾರೆ. ಇದರಲ್ಲಿ ಮೆಲಾಥಿಯಾನ್ ಕೀಟನಾಶಕ. ಹಳೆಯ ಕರಪತ್ರಗಳಲ್ಲಿ ಅದರ ಜಾಗದಲ್ಲಿ ಡಿಡಿವಿಪಿ (ಡೈಕ್ಲೋರ್ವಾಸ್ ಎಂಬ ಕೀಟನಾಶಕ) ಅಂತ ಇರುತ್ತದೆ. ಡಿಡಿವಿಪಿಯನ್ನು ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆ, ಹುಡುಕಲು ಹೋಗಬೇಡಿ. ನನ್ನ ಸಲಹೆ ಕೇಳಿದರೆ, ನಾಲ್ಕೈದು ಎಕರೆ ಇರುವವರು ತಯಾರಾದ ಲೂರನ್ನೇ ಕೊಳ್ಳುವುದು ವಾಸಿ. ವಿಷ ಬೆರೆಸುವ ಕೆಲಸ ಮನೆಯಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಿ ಬೇಡ. ಹತ್ತು ಹದಿನೈದು ರೈತರು ಸೇರಿ ಒಟ್ಟಿಗೆ ಮಾಡುವುದಾದರೆ ಮಾತ್ರ, ಗೊತ್ತಿರುವವರನ್ನು ಜೊತೆಗಿಟ್ಟುಕೊಂಡು, ಕೈಗವಸು ಹಾಕಿಕೊಂಡು ಬಯಲಲ್ಲಿ ಮಾಡಿ.

ಬಾಟಲಿ ಬಲೆ

ಅಂಗಡಿಯ ಬಲೆಯೂ ಸಿಗುತ್ತದೆ, ಆದರೆ ಒಂದು ಲೀಟರಿನ ನೀರಿನ ಬಾಟಲಿ ಸಾಕು. ಮದುವೆ ಛತ್ರದ ಹತ್ತಿರ ಹೋದರೆ ಮೂಟೆಗಟ್ಟಲೆ ಸಿಗುತ್ತದೆ. ಫಿನಾಯಿಲ್, ಔಷಧಿ, ಎಣ್ಣೆ ತುಂಬಿದ್ದ ಬಾಟಲಿ ಬೇಡ, ಅದರ ವಾಸನೆ ಲೂರಿನ ವಾಸನೆಯನ್ನು ಕೆಡಿಸುತ್ತದೆ.

ಬಾಟಲಿಯ ಮೇಲಿನ ಅರ್ಧದಲ್ಲಿ, ಎದುರು ಬದುರಾಗಿ ಮೂರು ನಾಲ್ಕು ತೂತು ಮಾಡಿ. ಕಾದ ಕಬ್ಬಿಣದ ಸರಳಿನಿಂದ ಚುಚ್ಚಿದರೆ ಅಂಚು ನುಣ್ಣಗೆ ಬರುತ್ತದೆ. ತೂತು ಕಿರುಬೆರಳು ಹೋಗುವಷ್ಟು ಇರಲಿ. ದೊಡ್ಡದಾದರೆ ನೊಣ ಬಂದಷ್ಟೇ ಸಲೀಸಾಗಿ ಹೊರಗೆ ಹೋಗುತ್ತದೆ. ತಳದಲ್ಲಿ ದಬ್ಬಳದಿಂದ ನಾಲ್ಕು ಸಣ್ಣ ತೂತು ಹಾಕಿ, ಮಳೆ ನೀರು ಇಳಿದು ಹೋಗಲಿ. ಇಲ್ಲದಿದ್ದರೆ ಸತ್ತ ನೊಣ ಕೊಳೆತು ನಾರುತ್ತದೆ, ಹೊಸ ನೊಣ ಬರುವುದಿಲ್ಲ.

ಮುಚ್ಚಳದ ನಡುವೆ ತೂತು ಮಾಡಿ ಬೈಂಡಿಂಗ್ ವೈರ್ ತೂರಿಸಿ. ಒಳಗಿನ ತುದಿಗೆ ಲೂರ್ ತುಂಡು ಕಟ್ಟಿ, ಅದು ತೂತುಗಳ ಮಟ್ಟಕ್ಕೆ ಅಥವಾ ಒಂದಿಷ್ಟು ಕೆಳಗೆ ತೂಗಲಿ. ಹೊರಗಿನ ತುದಿ ಕೊಂಬೆಗೆ. ಕೊಂಬೆಗೂ ಬಾಟಲಿಗೂ ನಡುವಿನ ವೈರಿಗೆ ಸ್ವಲ್ಪ ಗ್ರೀಸ್ ಬಳಿಯಿರಿ. ಹೀಗೆ ಮಾಡದಿದ್ದರೆ ಇರುವೆಗಳು ಸಾಲುಗಟ್ಟಿ ಬಂದು ಬಿದ್ದ ನೊಣಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತವೆ, ನೀವು ಬಲೆಗೆ ಏನೂ ಬಿದ್ದಿಲ್ಲ ಅಂದುಕೊಳ್ಳುತ್ತೀರಿ.

ಲೂರ್ ಮುಟ್ಟಿದ ಕೈಯಲ್ಲಿ ಬಾಟಲಿಯ ಹೊರಮೈ ಮುಟ್ಟಬೇಡಿ. ಒಂದು ಹನಿ ಹೊರಗೆ ತಗುಲಿದರೂ ನೊಣಗಳು ಅಲ್ಲೇ ಕೂತು ನೆಕ್ಕುತ್ತವೆ, ಒಳಗೆ ಹೋಗುವುದಿಲ್ಲ. ಲೂರ್ ಕಟ್ಟಲು ಒಂದು ಕೈಗವಸು, ಬಾಟಲಿ ಹಿಡಿಯಲು ಬೇರೆ ಕೈ ಅಂತ ಅಭ್ಯಾಸ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಸೋಪಿನಲ್ಲಿ ತೊಳೆದುಕೊಂಡೇ ಊಟಕ್ಕೆ ಕೂರಿ.

ಕಟ್ಟುವ ಕಾಲ, ಜಾಗ

ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಬಲೆ ಮರದಲ್ಲಿ ಇರಬೇಕು. ಲೆಕ್ಕ ಬೇಕೆಂದರೆ, ಕೊಯ್ಲಿಗೆ ಕನಿಷ್ಠ 45 ದಿನ, ಸಾಧ್ಯವಾದರೆ 60 ದಿನ ಮೊದಲು. ರಾಮನಗರದ ಕಡೆ ಹಣ್ಣು ಬೇಗ, ಅಲ್ಲಿಯವರು ಫೆಬ್ರುವರಿ ಕೊನೆಗೇ ಕಟ್ಟಬೇಕಾಗುತ್ತದೆ. ಕೋಲಾರದ ಕಡೆ ಮಾರ್ಚ್ ಕೊನೆ. ಮನೆಯ ತೋಟದಲ್ಲಿ ಬಾದಾಮಿ, ರಸಪುರಿ, ತೋತಾಪುರಿ, ನೀಲಂ ಎಲ್ಲ ಕಲಸಿದ್ದರೆ ಮೊದಲು ಕೊಯ್ಯುವ ತಳಿಯ ಲೆಕ್ಕದಲ್ಲಿ ಕಟ್ಟಿ, ಕೊನೆಯ ತಳಿ ಮುಗಿಯುವ ತನಕ ಬಿಡಿ.

ಈ ನೊಣಕ್ಕೂ ಮಳೆಗೂ ನಂಟಿದೆ. ಹುಳು ಹಣ್ಣಿನಿಂದ ಮಣ್ಣಿಗೆ ಬಿದ್ದು ಕೆಲವೇ ಸೆಂಟಿಮೀಟರ್ ಆಳದಲ್ಲಿ ಕೋಶವಾಗುತ್ತದೆ. ಮಣ್ಣು ಹದವಾದರೆ ಅದಕ್ಕೆ ಒಳ್ಳೆಯದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ, ರಾಗಿಯವರಿಗೆ ಅದು ನಿಜ. ಮಾವಿನವರು ಮಾತ್ರ ಭರಣಿ, ಕೃತ್ತಿಕೆ ಮಳೆ ಬಿದ್ದ ಮಾರನೇ ವಾರ ಬಾಟಲಿ ಬಿಚ್ಚಿ ನೋಡಬೇಕು. ರೋಹಿಣಿ, ಮೃಗಶಿರ ಹೊತ್ತಿಗೆ ಕೊಯ್ಯುವ ತೋತಾಪುರಿ, ನೀಲಂ, ಮಲ್ಲಿಕಾಗೆ ಪೆಟ್ಟು ಜಾಸ್ತಿ ಬೀಳುವುದು ಇದಕ್ಕೇ.

ಎಕರೆಗೆ 6 ಅಂದರೆ ಬಲೆಯಿಂದ ಬಲೆಗೆ ಸುಮಾರು 80, 85 ಅಡಿ. ಮೂವತ್ತಡಿಗೊಂದು ಮರ ಇರುವ ಹಳೆಯ ತೋಟದಲ್ಲಿ ಏಳೆಂಟು ಮರಕ್ಕೆ ಒಂದು ಬೀಳುತ್ತದೆ. ಎಲ್ಲವನ್ನೂ ಗೇಟಿನ ಹತ್ತಿರ, ದಾರಿ ಬದಿಯ ಸಾಲಿಗೇ ಕಟ್ಟಬೇಡಿ. ತೋಟದ ಒಳಕ್ಕೆ ಸಮನಾಗಿ ಹಂಚಿ. ಎತ್ತರ, ನೀವು ನಿಂತು ಕೈ ಚಾಚಿದರೆ ಸಿಗುವಷ್ಟು, 5 ಅಡಿ ಆಸುಪಾಸು. ನೆರಳಲ್ಲಿ ಇರಲಿ, ಬಿಸಿಲು ನೇರವಾಗಿ ಬಿದ್ದರೆ ಲೂರ್ ಬೇಗ ಒಣಗುತ್ತದೆ. ತೂತಿಗೆ ಎಲೆ ಅಡ್ಡ ಬರದ ಹಾಗೆ ಸುತ್ತಲಿನ ಎಲೆಗಳನ್ನು ಕಿತ್ತುಬಿಡಿ. ಔಷಧಿ ಹೊಡೆಯುವಾಗ ಬಾಟಲಿಗೆ ಬೀಳದಂತೆ ನೋಡಿಕೊಳ್ಳಿ.

ವಾರಕ್ಕೊಂದು ದಿನ

ಸೋಮವಾರವೋ ಶುಕ್ರವಾರವೋ, ಒಂದು ದಿನ ಗೊತ್ತು ಮಾಡಿಕೊಳ್ಳಿ. ಬಾಟಲಿ ಬಿಚ್ಚಿ ಪೇಪರಿನ ಮೇಲೆ ಸುರಿದು ಎಣಿಸಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೊಣ ಹೇಗಿರುತ್ತದೆ ಅಂದರೆ, ಮನೆ ನೊಣಕ್ಕಿಂತ ಸ್ವಲ್ಪ ಉದ್ದ, ನೋಡಿದೊಡನೆ ಸಣ್ಣ ಕಣಜ ಅನ್ನಿಸುತ್ತದೆ. ಬೆನ್ನ ಎರಡೂ ಬದಿಗೆ ಹಳದಿ ಪಟ್ಟೆ, ಕಂದು ಹೊಟ್ಟೆಯ ಮೇಲೆ ಕಪ್ಪು ಗೆರೆ, ರೆಕ್ಕೆ ಗಾಜಿನ ಹಾಗೆ. ಕೊಳೆತ ಬಾಳೆಹಣ್ಣಿನ ಮೇಲೆ ಹಾರಾಡುವ ಗುಂಗುರು ಇದಲ್ಲ, ಅವನ್ನು ಎಣಿಸಬೇಡಿ. ಓಟೆಯೊಳಗೆ ಸೇರುವ ಮೂತಿ ಹುಳು, ಹೂವಿಗೆ ಬರುವ ಜಿಗಿ ಹುಳು ಈ ಬಲೆಗೆ ಬೀಳುವುದಿಲ್ಲ. ಅವಕ್ಕೆ ದಾರಿಯೇ ಬೇರೆ.

ಎಣಿಕೆ ಯಾಕೆ ಅಂತ ಕೇಳಬಹುದು. ಮೊದಲು ಹತ್ತು, ಆಮೇಲೆ ಐದು, ಮಳೆ ಬಿದ್ದ ಮೇಲೆ ಒಮ್ಮೆಗೇ ಎಂಬತ್ತು ಅಂತ ಬಂದರೆ ಮಣ್ಣಿನಿಂದ ಹೊಸ ತಲೆ ಎದ್ದಿದೆ ಅಂತ ಗೊತ್ತಾಗುತ್ತದೆ. ಆ ವಾರವೇ ಬಿದ್ದ ಹಣ್ಣು ಆಯುವ ಆಳು ಹೆಚ್ಚಿಸಬೇಕು, ಬಲಿತ ಕಾಯನ್ನು ಬೇಗ ಇಳಿಸಬೇಕು. ಯಾವ ಮೂಲೆಯ ಬಾಟಲಿ ಪ್ರತಿ ವಾರ ಜಾಸ್ತಿ ತುಂಬುತ್ತದೋ ಆ ಕಡೆ ಹೋಗಿ ನೋಡಿ. ನಮ್ಮಲ್ಲಿ ಆಗ್ನೇಯ ಮೂಲೆಯ ಬಲೆ ಯಾವಾಗಲೂ ತುಂಬುತ್ತಿತ್ತು. ಬೇಲಿ ಆಚೆ ಹೋಗಿ ನೋಡಿದರೆ, ಕೂಲಿಯವರು ತಿಂದು ಬಿಟ್ಟ, ಕೊಳೆತ ಹಣ್ಣುಗಳನ್ನೆಲ್ಲ ಅಲ್ಲೇ ಹಳ್ಳಕ್ಕೆ ಸುರಿಯುತ್ತಿದ್ದರು.

ಲೂರ್ ಸಾಮಾನ್ಯವಾಗಿ 45ರಿಂದ 60 ದಿನ ಬರುತ್ತದೆ. ಬಿಸಿಲು ಜೋರಿದ್ದರೆ ಅದಕ್ಕೂ ಮೊದಲೇ ಬದಲಿಸಿ. ಕಟ್ಟಿದ ತಾರೀಖನ್ನು ಬಾಟಲಿಯ ಮೇಲೆ ಮಾರ್ಕರಿನಲ್ಲಿ ಬರೆದರೆ ಮರೆಯುವುದಿಲ್ಲ. ಹಳೆಯ ತುಂಡನ್ನು ತೋಟದಲ್ಲಿ ಎಸೆಯಬೇಡಿ, ವಿಷ ಇರುತ್ತದೆ, ದನಕರು ಸೋಕದ ಕಡೆ ಆಳವಾಗಿ ಹೂಳಿ.

ಬಿದ್ದ ಹಣ್ಣು ಆಯದಿದ್ದರೆ ಬಲೆ ದಂಡ

ಇದನ್ನು ಬೇಸರ ಮಾಡಿಕೊಳ್ಳದೆ ಓದಿ, ಯಾಕೆಂದರೆ ಸೋಲುವುದು ಇಲ್ಲೇ. ಒಂದು ಹೆಣ್ಣು ತನ್ನ ಬಾಳಿನಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ, ಹುಳು ವಾರ ಹತ್ತು ದಿನ ತಿರುಳು ತಿಂದು ಮಣ್ಣಿಗೆ ಇಳಿಯುತ್ತದೆ, ಇನ್ನೊಂದು ಹತ್ತು ದಿನಕ್ಕೆ ನೊಣವಾಗಿ ಮೇಲೇಳುತ್ತದೆ. ಮರದಡಿ ಬಿಟ್ಟ ಒಂದು ಬುಟ್ಟಿ ಕೊಳೆತ ಹಣ್ಣು ಒಂದು ತಿಂಗಳಲ್ಲಿ ನಿಮ್ಮ ಆರು ಬಾಟಲಿಯ ಕೆಲಸವನ್ನೂ ನೀರು ಪಾಲು ಮಾಡುತ್ತದೆ.

ಎರಡು ದಿನಕ್ಕೊಮ್ಮೆ, ಮಳೆ ಬಿದ್ದರೆ ದಿನವೂ, ಬಿದ್ದ ಹಣ್ಣು ಆಯಿರಿ. ಆಯ್ದದ್ದನ್ನು ತಿಪ್ಪೆಗೆ ಹಾಕಬೇಡಿ. ತಿಪ್ಪೆಯ ಬೆಚ್ಚನೆ ಮೆತ್ತನೆ ಗೊಬ್ಬರದ ಅಂಚು ಹುಳುವಿಗೆ ಮಣ್ಣಿಗಿಂತ ಸುಖ. ಎರಡಡಿ ಗುಂಡಿ ತೆಗೆದು ಹಾಕಿ ಮೇಲೆ ಮಣ್ಣು ತುಳಿದು ಮುಚ್ಚಿ. ಗುಂಡಿ ತೆಗೆಯಲು ಆಳು ಸಿಗದಿದ್ದರೆ ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಾಳಿಯಾಡದಂತೆ ಬಾಯಿ ಕಟ್ಟಿ, ಎರಡು ವಾರ ಬಿಸಿಲಿಗೆ ಇಡಿ. ಒಳಗೆ ಬೆಂದು ಸಾಯುತ್ತವೆ. ಚೀಲದಲ್ಲಿ ತೂತು ಇರಬಾರದು ಅಷ್ಟೇ.

ಹೆಣ್ಣು ನೊಣಕ್ಕೂ ಏನಾದರೂ ಮಾಡಬೇಕಲ್ಲ, ಅಲ್ವಾ? ಅದು ಸಿಹಿಗೆ, ಪ್ರೋಟೀನಿಗೆ ಬರುತ್ತದೆ. ಹತ್ತು ಲೀಟರ್ ನೀರಿಗೆ ಒಂದು ಕೆಜಿ ಬೆಲ್ಲ ಕರಗಿಸಿ, ಇಲಾಖೆಯವರು ಹೇಳಿದ ಕೀಟನಾಶಕವನ್ನು ಅವರು ಹೇಳಿದ ಅಳತೆಯಲ್ಲಿ ಬೆರೆಸಿ, ಮರದ ಬೊಡ್ಡೆಗೆ ಮಾತ್ರ ಚಿಮುಕಿಸುವುದು ಒಂದು ಕ್ರಮ. ಹಣ್ಣಿಗೆ, ಎಲೆಗೆ ಬೇಡ. ಪಕ್ಕದಲ್ಲಿ ಜೇನು ಪೆಟ್ಟಿಗೆ ಇದ್ದರೆ ಇದನ್ನು ಬಿಟ್ಟುಬಿಡಿ. ಮನೆ ಮುಂದೆ ಒಂದೆರಡು ಮರ ಮಾತ್ರ ಇರುವವರಿಗೆ ಬಲೆಗಿಂತ ಕಾಯಿಗೆ ಪೇಪರ್ ಚೀಲ ಕಟ್ಟುವುದೇ ಸುಲಭ, ಫಲವೂ ಖಚಿತ.

ಅಕ್ಕಪಕ್ಕದವರು

ಈ ವಾಸನೆಗೆ ನೊಣ ಅರ್ಧ ಮೈಲಿ ದೂರದಿಂದಲೂ ಬರುತ್ತದೆ. ನೀವೊಬ್ಬರೇ ಎರಡು ಎಕರೆಗೆ ಕಟ್ಟಿದರೆ ಊರಿನ ಗಂಡು ನೊಣವೆಲ್ಲ ನಿಮ್ಮ ಬಾಟಲಿಗೆ. ಆದರೆ ಪಕ್ಕದ ತೋಟದಲ್ಲಿ ಬಸುರಾದ ಹೆಣ್ಣು ಬೇಲಿ ದಾಟಿ ನಿಮ್ಮ ಹಣ್ಣಿಗೇ ಬರುತ್ತದೆ. ಪೆಸಿಫಿಕ್ ಸಾಗರದ ರೋಟಾ ಎಂಬ ಸಣ್ಣ ದ್ವೀಪದಲ್ಲಿ 1960ರ ದಶಕದಲ್ಲಿ ಇದೇ ಮಿಥೈಲ್ ಯೂಜಿನಾಲ್ ಮತ್ತು ವಿಷ ನೆನೆಸಿದ ತುಂಡುಗಳನ್ನು ವಿಮಾನದಿಂದ ಇಡೀ ದ್ವೀಪಕ್ಕೆ ಉದುರಿಸಿ ಈ ನೊಣವನ್ನೇ ಇಲ್ಲವಾಗಿಸಿದರು. ಜಪಾನಿನ ಓಕಿನಾವಾ ದ್ವೀಪಗಳಲ್ಲೂ 1980ರ ದಶಕದಲ್ಲಿ ಇದೇ ದಾರಿಯಲ್ಲಿ ಗೆದ್ದರು. ಸುತ್ತ ಸಮುದ್ರ, ಹೊರಗಿನಿಂದ ನೊಣ ಬರುವ ಹಾಗಿರಲಿಲ್ಲ. ನಮಗೆ ಸಮುದ್ರ ಇಲ್ಲ, ಆದರೆ ಒಂದು ಬಯಲಿನ ತೋಟದವರೆಲ್ಲ ಒಂದೇ ವಾರದಲ್ಲಿ ಕಟ್ಟಿದರೆ ನಡುವಿನ ತೋಟಗಳಿಗೆ ಅದೇ ರಕ್ಷಣೆ ಸಿಗುತ್ತದೆ.

ಇಲ್ಲಿ ಒಂದು ತೊಡಕಿದೆ. ನಮ್ಮ ಕಡೆ ಹೂ ಬಿಟ್ಟಾಗಲೇ ತೋಟವನ್ನು ವ್ಯಾಪಾರಿಗೆ ಗುತ್ತಿಗೆ ಕೊಡುತ್ತೇವೆ. ಬಲೆ ನೀವು ಕಟ್ಟಿ ಅಂತ ಅವನು, ನೀನು ಕಟ್ಟು ಅಂತ ನಾವು. ಕೊನೆಗೆ ಯಾರೂ ಕಟ್ಟುವುದಿಲ್ಲ. ಕರಾರಿನಲ್ಲೇ ಬರೆದುಬಿಡಿ: ಲೂರ್ ಯಾರದು, ಬಿದ್ದ ಹಣ್ಣು ಆಯುವುದು ಯಾರ ಕೆಲಸ. ನಾನು ಲೂರಿನ ಖರ್ಚು ನಾನೇ ಹಾಕಿಕೊಳ್ಳುತ್ತೇನೆ, ಆಯುವ ಕೆಲಸ ವ್ಯಾಪಾರಿಯ ಆಳುಗಳದ್ದು. ಇದರಿಂದ ಜಗಳ ನಿಂತಿದೆ.

2014ರ ಮೇ ತಿಂಗಳಿಂದ ಯುರೋಪ್ ಒಕ್ಕೂಟ ನಮ್ಮ ದೇಶದ ಮಾವನ್ನೇ ಬೇಡ ಅಂದಿತ್ತು, ಪೆಟ್ಟಿಗೆಯಲ್ಲಿ ಹಣ್ಣು ನೊಣ ಸಿಕ್ಕಿದ್ದೇ ದೊಡ್ಡ ಕಾರಣ. 2015ರಲ್ಲಿ ಮತ್ತೆ ಬಾಗಿಲು ತೆಗೆದರು. ಹೊರದೇಶಕ್ಕೆ ಕಳಿಸುವವರು ಹಣ್ಣನ್ನು 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸುವಂಥ ಕ್ರಮ ಮಾಡಬೇಕಾಗುತ್ತದೆ. ಅದು ಮೊಟ್ಟೆಯನ್ನು ಕೊಲ್ಲುತ್ತದೆ ಸರಿ, ಆದರೆ ಹುಳು ತಿಂದ ತಿರುಳನ್ನು ವಾಪಸ್ ತರುವುದಿಲ್ಲ.

ಕೊಯ್ಲು ಮುಗಿದ ಮೇಲೆ

ಬಲಿತ ಕಾಯನ್ನು ತೊಟ್ಟಿನ ಸಮೇತ ಇಳಿಸಿ, ಮರದಲ್ಲೇ ಹಣ್ಣಾಗಲು ಬಿಡಬೇಡಿ. ಕೊನೆಗೆ ಕೈಗೆಟುಕದ ತುದಿಯಲ್ಲಿ ಉಳಿದ ಹತ್ತಿಪ್ಪತ್ತು ಕಾಯಿಗಳನ್ನೂ ದೋಟಿ ಹಾಕಿ ಇಳಿಸಿಬಿಡಿ. ಆಮೇಲೆ ಮರದ ಬುಡದ ಸುತ್ತ ಒಂದು ಸಾಲು ಉಳುಮೆ, ಅಥವಾ ಗುದ್ದಲಿಯಿಂದ ಮೇಲ್ಮಣ್ಣು ಕೆದಕಿದರೂ ಆಯಿತು. ಕಂದು ಬಣ್ಣದ, ಗೋಧಿ ಕಾಳಿನಂಥ ಕೋಶಗಳು ಮೇಲೆ ಬರುತ್ತವೆ. ಬಿಸಿಲು ಒಂದಿಷ್ಟು ಸುಡುತ್ತದೆ, ಗೊರವಂಕಗಳು ಉಳಿದದ್ದನ್ನು ಆಯುತ್ತವೆ.

ಬಾಟಲಿಗಳನ್ನು ತೊಳೆದು ಒಣಗಿಸಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿಡಿ, ಮುಂದಿನ ವರ್ಷಕ್ಕೆ ಬರುತ್ತವೆ. ಎಲ್ಲವನ್ನೂ ಬಿಚ್ಚಬೇಡಿ ಮಾತ್ರ. ಹಿತ್ತಲಲ್ಲಿ ಸೀಬೆ ಗಿಡವೋ ನಾಡು ಬಾದಾಮಿ ಮರವೋ (ಬಾದಾಮಿ ಮಾವಲ್ಲ, ಅದು ಬೇರೆಯೇ ಮರ) ಇದ್ದರೆ ಅಲ್ಲಿಗೆ ಒಂದು ಬಲೆ ಹೊಸ ಲೂರ್ ಹಾಕಿ ತೂಗುಬಿಡಿ. ಮಾವು ಮುಗಿದ ಮೇಲೆ ಊಜಿ ಹೋಗಿ ಸೇರುವುದು ಅಲ್ಲಿಗೇ, ಮಳೆಗಾಲದ ಸೀಬೆಯನ್ನು ತಿಂದುಕೊಂಡು ಮುಂದಿನ ಕಾಯಿಗೆ ಕಾಯುತ್ತಿರುತ್ತದೆ.